ಕಂತು ತಡವಾಗಿದ್ದು ನನ್ನಿಂದ, ಸ್ಕೋರು ಬಿದ್ದಿದ್ದು ಮೈದುನನದು

ಪ್ರಶ್ನೆ: ಸಿಂಧನೂರಿನಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಹೊಲಿಗೆ ಮಷೀನುಗಳಿಗೆ ಸಾಲ ಬೇಕಾದಾಗ ನನ್ನ ಹೆಸರಿಗೆ ಯಾರೂ ಕೊಡಲಿಲ್ಲ. ಶಕ್ತಿನಗರದಲ್ಲಿ ನೌಕರಿ ಮಾಡುವ ಮೈದುನ ತನ್ನ ಹೆಸರಲ್ಲಿ ತೆಗೆದುಕೊಟ್ಟ. ಪ್ರತಿ ತಿಂಗಳು 5ಕ್ಕೆ 6,000 ರೂಪಾಯಿ ಕಂತು. ಕಂತು ಕಡಿತವಾಗುವ ಅವನ ಹಳೇ ಖಾತೆಗೆ ನಾನೇ ಹಣ ಹಾಕುತ್ತೇನೆ. ಆಗಸ್ಟ್‌ನಲ್ಲಿ ಅವ್ವ ಆಸ್ಪತ್ರೆಯಲ್ಲಿದ್ದಳು, ನಾನು ಲಿಂಗಸುಗೂರಿನಲ್ಲಿದ್ದೆ. 9ಕ್ಕೆ ಹಣ ಹಾಕಿದೆ. ತಪ್ಪಿದ್ದು ಅದೊಂದೇ ಸಲ. ಈಗ ಮೈದುನ ರಾಯಚೂರಿನಲ್ಲಿ ಮನೆಗೆ ಅಡ್ವಾನ್ಸ್ ಕೊಟ್ಟಿದ್ದಾನೆ. ಸಿಬಿಲ್ ಸ್ಕೋರು (ಸಾಲ ಕಟ್ಟಿದ ರೀತಿ ನೋಡಿ ಕೊಡುವ ಅಂಕ) ಬಿದ್ದಿದೆ ಅಂತ ಬ್ಯಾಂಕಿನವರು ಸಾಲ ತಡೆದಿದ್ದಾರೆ. ಅವನಿಗೆ ತನ್ನ ಕ್ರೆಡಿಟ್ ಕಾರ್ಡ್ ಮೇಲೆ ಅನುಮಾನ. ನಾನು ಮಷೀನಿನ ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, ಐದು ತಿಂಗಳಿಂದ ಕಂತು ತಡ ಅನ್ನುತ್ತಾರೆ! ಅತ್ತೆ ‘ಸುಮ್ಕಿರು, ಹೇಳಿದ್ರ ಮನಿ ಎರಡಾಕೈತಿ’ ಅನ್ನುತ್ತಾರೆ. ಐದು ಸಾವಿರ ಕೊಟ್ಟರೆ ಸ್ಕೋರು ಏರಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳಿದ್ದಾನೆ. ಏನು ಮಾಡಲಿ?

ಉತ್ತರ: ಹೇಳಿಬಿಡಿ. ಅದೂ ಈ ವಾರವೇ.

ನಿಮ್ಮ ಅತ್ತೆಯವರ ಭಯ ಸುಳ್ಳಲ್ಲ. ಅಣ್ಣ ತಮ್ಮಂದಿರ ನಡುವೆ ಸಾಲದ ಮಾತು ಬಂದು ಒಲೆ ಬೇರೆಯಾದ ಮನೆಗಳನ್ನು ಅವರು ನೋಡಿರುತ್ತಾರೆ. ಆದರೆ ನಾಲ್ಕು ದಿನ ತಡವಾಯಿತು ಅಂದರೆ ಮೈದುನ ಒಂದಿಷ್ಟು ದಿನ ಮುನಿಸಿಕೊಂಡಾನು. ಗೊತ್ತಿದ್ದೂ ಮನೆಯವರೆಲ್ಲ ಸೇರಿ ಮುಚ್ಚಿಟ್ಟರು ಅಂತ ಬ್ಯಾಂಕಿನ ಕಾಗದ ನೋಡಿ ತಿಳಿದರೆ ಆ ಸಿಟ್ಟೇ ಬೇರೆ. ಮತ್ತೆ ಆ ಕಾಗದ ಅವರ ಕೈಗೆ ಬಂದೇ ಬರುತ್ತದೆ. ಸಿಬಿಲ್ ರಿಪೋರ್ಟಿನಲ್ಲಿ ಪ್ರತಿ ಸಾಲವೂ ಬೇರೆ ಬೇರೆಯಾಗಿ ಇರುತ್ತದೆ. ಯಾವ ತಿಂಗಳು ಎಷ್ಟು ದಿನ ತಡ ಅನ್ನುವುದು 36 ತಿಂಗಳವರೆಗೆ ಕಾಣುತ್ತದೆ. ಕ್ರೆಡಿಟ್ ಕಾರ್ಡಿನ ಮೇಲಿನ ಅನುಮಾನ ಹೋಗಲು ಅವರಿಗೆ ಅರ್ಧ ಗಂಟೆ ಸಾಕು.

ಇನ್ನೊಂದು ವಿಷಯ. ಗುಟ್ಟಾಗಿ ಸರಿ ಮಾಡುವ ದಾರಿಯೂ ಇಲ್ಲ. ರಿಪೋರ್ಟ್ ತೆಗೆಯಲು ಅವರ ಪ್ಯಾನ್ ಬೇಕು, ಓಟಿಪಿ ಬರುವುದು ಅವರ ಫೋನಿಗೆ. ರಿಪೋರ್ಟಿನಲ್ಲಿ ತಪ್ಪಿದ್ದರೆ ತಕರಾರು ಹಾಕಬೇಕಾದವರೂ ಅವರೇ.

ಈಗ ನಿಮ್ಮನ್ನು ಕಾಡುತ್ತಿರುವ ಲೆಕ್ಕಕ್ಕೆ ಬರೋಣ. ಒಂದು ಸಲ ತಪ್ಪಿದ್ದು ಐದು ತಿಂಗಳು ಹೇಗಾಯಿತು? ಹೆಚ್ಚಾಗಿ ಹೀಗಾಗಿರುತ್ತದೆ. ಆಗಸ್ಟ್ 5ಕ್ಕೆ ಖಾತೆಯಲ್ಲಿ ಹಣ ಇರಲಿಲ್ಲ, ಕಂತು ಬೌನ್ಸ್ ಆಯಿತು. 9ಕ್ಕೆ ನೀವು 6,000 ಹಾಕಿದಿರಿ. ಬ್ಯಾಂಕು ಅದರಲ್ಲೇ ಬೌನ್ಸ್ ಚಾರ್ಜ್ ಹಿಡಿದುಕೊಂಡಿತು. ಲೆಕ್ಕಕ್ಕೆ 300 ಅಂತ ಇಟ್ಟುಕೊಳ್ಳಿ. ಉಳಿದದ್ದು 5,700. ಕಂಪನಿ ಇನ್ನೊಂದು ಸಲ ಕೇಳಿದಾಗ 6,000 ಇಲ್ಲ, ಮತ್ತೆ ಬೌನ್ಸ್, ಮತ್ತೆ ಚಾರ್ಜ್. ಸೆಪ್ಟೆಂಬರ್‌ನಲ್ಲಿ ನೀವು ಸರಿಯಾಗಿ 5ರೊಳಗೆ ಹಾಕಿದಿರಿ, ಕಂತೂ ಹೋಯಿತು. ಆದರೆ ಕಂಪನಿಯವರು ಆ ಹಣವನ್ನು ಹಳೇ ಬಾಕಿಗೆ, ಅಂದರೆ ಆಗಸ್ಟಿಗೆ ಜಮಾ ಮಾಡಿಕೊಂಡರು. ಸೆಪ್ಟೆಂಬರ್ ಕಂತು ಬಾಕಿ ನಿಂತಿತು. ಅಕ್ಟೋಬರ್‌ನಲ್ಲಿ ಕಟ್ಟಿದ್ದು ಸೆಪ್ಟೆಂಬರಿಗೆ ಹೋಯಿತು. ಹೀಗೇ ಮುಂದಕ್ಕೆ. ನೀವು ಒಂದು ತಿಂಗಳೂ ಬಿಡದೆ ಕಟ್ಟಿದ್ದೀರಿ, ಅವರ ಪುಸ್ತಕದಲ್ಲಿ ಮಾತ್ರ ಯಾವಾಗಲೂ ಒಂದು ಕಂತು ಹಿಂದೆ.

ಅಷ್ಟಕ್ಕೂ ಆ ಒಂದು ಕಂತಿಗೆ ಹತ್ತಿರದ ಹಣ ಮೈದುನನ ಹಳೇ ಖಾತೆಯಲ್ಲಿ ಸುಮ್ನೆ ಬಿದ್ದಿರಬಹುದು. ಕೆಲವು ನೂರು ರೂಪಾಯಿ ಕಮ್ಮಿ ಬಿದ್ದದ್ದಕ್ಕೆ ಮನೆ ಸಾಲ ನಿಲ್ಲುವುದು ಅಂದರೆ ನನಗೂ ಹೊಟ್ಟೆ ಉರಿಯುತ್ತದೆ. ಪಾಸ್‌ಬುಕ್ ನಿಮ್ಮ ಹತ್ತಿರ ಇದ್ದರೆ ನಾಳೆಯೇ ಎಂಟ್ರಿ ಮಾಡಿಸಿ ನೋಡಿ. ಆಗಸ್ಟಿನ ಸಾಲುಗಳಲ್ಲೇ ಗೊತ್ತಾಗುತ್ತದೆ.

ಆ ಪಾಸ್‌ಬುಕ್ ಹಿಡಿದುಕೊಂಡೇ ಮೈದುನನ ಹತ್ತಿರ ಹೋಗಿ. ಫೋನಿನಲ್ಲಿ ಬೇಡ, ಹಬ್ಬಕ್ಕೆ ಎಲ್ಲರೂ ಸೇರಿದಾಗಲೂ ಬೇಡ. ರಾಯಚೂರು ಬಸ್ ಹತ್ತಿ ಹೋಗಿ ಮುಖ ನೋಡಿ ಹೇಳಿ. ‘ಆಗಸ್ಟ್ ಕಂತು ನನ್ನಿಂದ ತಡವಾಯಿತಪ್ಪ. ಅದು ಇಷ್ಟು ದೂರ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಬಾಕಿ ಇವತ್ತೇ ಕಟ್ಟೋಣ, ಬ್ಯಾಂಕಿಗೆ ನಾನೂ ಬರ್ತೀನಿ.’ ಇಷ್ಟು ಸಾಕು. ಅವ್ವನ ಆಸ್ಪತ್ರೆಯ ವಿಷಯ ಅವರಾಗಿ ಕೇಳಿದರೆ ಹೇಳಿ. ‘ನಿನಗೂ ಮೆಸೇಜ್ ಬಂದಿರಬೇಕಲ್ಲ’ ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ. ನಿಜವೂ ಇರಬಹುದು. ಅವತ್ತು ಅದನ್ನು ನುಂಗಿಕೊಳ್ಳಿ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಯಜಮಾನರ ಸುದ್ದಿಯೇ ಇಲ್ಲ. ಅವರಿಗೂ ಗೊತ್ತಿಲ್ಲದಿದ್ದರೆ ಮೊದಲು ಅವರಿಗೆ ಹೇಳಿ, ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯ ದುಡ್ಡು ಮನೆಗೆಲ್ಲ ಬರುತ್ತದೆ, ಬೈಗುಳ ಮಾತ್ರ ನಿಮಗೊಬ್ಬರಿಗೇ ಯಾಕೆ?

ಬಾಕಿ ಕಟ್ಟುವಾಗ ಒಂದು ಎಚ್ಚರ. ಸುಮ್ಮನೆ ಖಾತೆಗೆ 6,000 ಹಾಕಿ ಬರಬೇಡಿ. ಕಂತು, ಬೌನ್ಸ್ ಚಾರ್ಜ್, ತಡಕ್ಕೆ ಹಾಕಿದ ದಂಡ, ಎಲ್ಲ ಸೇರಿ ಇವತ್ತಿಗೆ ಎಷ್ಟು ಅಂತ ಕಂಪನಿಯಿಂದ ಬರಹದಲ್ಲಿ ತೆಗೆದುಕೊಂಡು ಪೂರ್ತಿ ಕಟ್ಟಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಹಾಗೆ ಮಾಡಿದ್ದರೆ ಕೇಳಿ. ‘ಪೂರ್ತಿ ಬೇಡ, ಇಷ್ಟು ಕೊಡಿ, ಸೆಟಲ್ ಮಾಡಿಬಿಡೋಣ’ ಅಂದರೆ ಮಾತ್ರ ಒಪ್ಪಬೇಡಿ. ರಿಪೋರ್ಟಿನಲ್ಲಿ ‘ಸೆಟಲ್ಡ್’ ಅಂತ ಬಿದ್ದರೆ ತಡವಾದ ಕಂತಿಗಿಂತ ಕೆಟ್ಟದು. ಬಾಕಿ ಏನೂ ಇಲ್ಲ ಅನ್ನುವ ಪತ್ರ ಪಡೆಯಿರಿ.

2025ರ ಜನವರಿಯಿಂದ ಸಾಲ ಕೊಟ್ಟವರು ಕನಿಷ್ಠ 15 ದಿನಕ್ಕೊಮ್ಮೆ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕು. ಹಾಗಾಗಿ ಬಾಕಿ ತೀರಿದ್ದು ಬೇಗ ಕಾಣುತ್ತದೆ. ಸ್ಕೋರು ಏರುವುದು ನಿಧಾನ. ಹಣ ಕಟ್ಟಿದ ಮೇಲೂ ಬಾಕಿ ಅಂತಲೇ ತೋರಿಸುತ್ತಿದ್ದರೆ ಮೈದುನ ತಕರಾರು ಹಾಕಬಹುದು, ಅದಕ್ಕೆ ಖರ್ಚಿಲ್ಲ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮವೇ ಇದೆ. ತಪ್ಪಾಗಿ ಬರೆದಿದ್ದನ್ನು ಹೀಗೆ ತಿದ್ದಿಸಬಹುದು. ನಿಜವಾಗಿ ತಡವಾದ ಕಂತನ್ನು ಅಳಿಸಲು ಯಾವ ಏಜೆಂಟನಿಂದಲೂ ಆಗದು. ಆ ಐದು ಸಾವಿರ ಬಾಕಿಗೆ ಕಟ್ಟಿ. ಮೈದುನನ ಪ್ಯಾನ್, ಆಧಾರ್ ಪ್ರತಿ ಆ ಏಜೆಂಟನಿಗೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಅದನ್ನೂ ಹೇಳಲೇಬೇಕು.

ಮನೆ ಸಾಲದ ವಿಷಯದಲ್ಲಿ ನನಗೆ ಅಷ್ಟೊಂದು ನಿರಾಶೆ ಇಲ್ಲ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ನಿಮ್ಮದು ಮೇಲಿನ ಲೆಕ್ಕದಂತೆಯೇ ಇದ್ದರೆ ಯಾವ ಕಂತೂ ಸುಮಾರು ಒಂದು ತಿಂಗಳಿಗಿಂತ ಹೆಚ್ಚು ತಡವಾಗಿಲ್ಲ. ಪಾಸ್‌ಬುಕ್ ಪ್ರತಿ, ಬಾಕಿ ಇಲ್ಲ ಅನ್ನುವ ಪತ್ರ, ನಡೆದದ್ದನ್ನು ಹೇಳುವ ಒಂದು ಪುಟದ ಅರ್ಜಿ, ಇಷ್ಟನ್ನು ಮೈದುನ ಮ್ಯಾನೇಜರಿಗೆ ಕೊಡಲಿ. ಕೆಲವು ತಿಂಗಳು ಕಾಯಿರಿ ಅಂದಾರು, ಬಡ್ಡಿ ಸ್ವಲ್ಪ ಜಾಸ್ತಿ ಅಂದಾರು, ಒಪ್ಪಲೂಬಹುದು. ಅಡ್ವಾನ್ಸ್ ಕರಾರಿಗೆ ಗಡುವು ಇರುತ್ತದಲ್ವಾ, ಅದಕ್ಕೇ ಈ ವಾರ ಅಂದದ್ದು. ಮನೆ ಮಾರುವವರ ಹತ್ತಿರ ಸಮಯ ಕೇಳುವುದಾದರೆ ಈಗಲೇ ಕೇಳಬೇಕು. ಕಾಯಬೇಕಾಗಿ ಬಂದರೆ ಆ ತಿಂಗಳುಗಳ ಬಾಡಿಗೆಯಲ್ಲಿ ಪಾಲು ಕೊಡುತ್ತೇನೆ ಅನ್ನಿ, ಕೈಲಾದರೆ ಮಾತ್ರ. ಇಪ್ಪತ್ತು ವರ್ಷದ ಬಡ್ಡಿ ವ್ಯತ್ಯಾಸ ನಾನೇ ತುಂಬುತ್ತೇನೆ ಅಂತ ನಾಚಿಕೆಯಲ್ಲಿ ಒಪ್ಪಿಕೊಂಡು ಬರಬೇಡಿ.

ಇನ್ನು ಉಳಿದ ಕಂತುಗಳು. ಮದುವೆ ಸೀಸನ್ನಿನಲ್ಲಿ ಹೊಲಿಗೆ ದುಡ್ಡು ಬಂದಾಗ ಆ ಖಾತೆಯಲ್ಲಿ ಎರಡು ಕಂತು ಹೆಚ್ಚಿಗೆ ಇರಲಿ. ಲೆಕ್ಕ ಹಾಕಿ ಸರಿಯಾಗಿ 6,000 ಹಾಕುವುದು ಬಿಡಿ. ಬ್ಯಾಂಕಿನಲ್ಲೂ ಕಂಪನಿಯಲ್ಲೂ ಮೈದುನನ ಯಾವ ನಂಬರ್ ಇದೆ ನೋಡಿಸಿ, ಹಳೇ ಸಿಮ್ ಇದ್ದರೆ ಬದಲಾಯಿಸಿ. ಕಂಪನಿಯವರು ಒಪ್ಪಿದರೆ ಎರಡನೇ ನಂಬರ್ ಅಂತ ನಿಮ್ಮದನ್ನೂ ಕೊಡಿ.