ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ ಕಟ್ಟಿ ಉಳಿಸಿಕೊಳ್ಳುವುದು ಹೇಗೆ?

ಹತ್ತು ಜನ ಆಸಕ್ತರು, ಒಬ್ಬ ಬ್ಲ್ಯಾಕ್ ಬೆಲ್ಟ್ ವಿದ್ಯಾರ್ಥಿ, ಇಷ್ಟಿದ್ದರೆ ಸಾಕೇ ಎಂದು ಕೇಳಿದ್ದೀರಿ. ಶುರು ಮಾಡಲು ಧಾರಾಳ ಸಾಕು. ಆದರೆ ಆ ಒಬ್ಬರು ಪದವಿ ಮುಗಿಸಿ ಹೊರಟ ದಿನವೇ ಕ್ಲಬ್ಬಿಗೂ ಬೀಗ ಬೀಳದಂತೆ ಈಗಿನಿಂದಲೇ ನೋಡಿಕೊಳ್ಳಬೇಕು.

ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡು ಮೂರು ತರಗತಿಯಂತೆ ಬಿಳಿ ಬೆಲ್ಟಿನಿಂದ ಶೋದಾನ್‌ಗೆ (ಮೊದಲ ಹಂತದ ಬ್ಲ್ಯಾಕ್ ಬೆಲ್ಟ್) ಸಾಮಾನ್ಯವಾಗಿ 3ರಿಂದ 5 ವರ್ಷ ಬೇಕು. ಪದವಿ ಮುಗಿಯುವುದೂ ಅಷ್ಟರಲ್ಲೇ. ಹಾಗಾಗಿ ಬ್ಲ್ಯಾಕ್ ಬೆಲ್ಟ್‌ಗಾಗಿ ಕಾಯದೆ, ಎರಡನೇ ವರ್ಷದವರಿಗೇ ವಾರ್ಮ್‌ಅಪ್ ನಡೆಸಲು, ಹೊಸಬರ ಭಂಗಿ ತಿದ್ದಲು ಕೊಡಿ. 1924ರಲ್ಲಿ ಕರಾಟೆ ಗುರು ಫುನಾಕೋಶಿ ಗಿಚಿನ್ ಅವರ ಮಾರ್ಗದರ್ಶನದಲ್ಲಿ ಕೆಯೋ ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ ಶುರುವಾದಂದಿನಿಂದ ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಇಂಥ ಕ್ಲಬ್ಬುಗಳು ಬೆಳೆದಿವೆ. ಹಿರಿಯ ವಿದ್ಯಾರ್ಥಿ ಕಿರಿಯರನ್ನು ತಯಾರು ಮಾಡುವ ಸೆಂಪಾಯ್ ಪದ್ಧತಿಯೇ ಅವುಗಳ ಬೆನ್ನೆಲುಬು.

ಹೊಸಬರನ್ನು ಸೆಮಿಸ್ಟರಿನ ಮೊದಲ ಎರಡು ವಾರ ಮಾತ್ರ ಸೇರಿಸಿಕೊಳ್ಳಿ. ವಾರವಾರವೂ ಒಬ್ಬೊಬ್ಬರು ಬಂದರೆ ಪ್ರತಿ ಸಲ ಝೆನ್‌ಕುತ್ಸು ದಾಚಿಯಿಂದಲೇ (ಮುಂಗಾಲು ಬಗ್ಗಿಸಿ ನಿಲ್ಲುವ ಮೂಲ ಭಂಗಿ) ಶುರು ಮಾಡಬೇಕಾಗುತ್ತದೆ, ಹಳಬರು ಬೇಸತ್ತು ಬಿಡುತ್ತಾರೆ. 90 ನಿಮಿಷದ ತರಗತಿಗೆ ನಾನು ಹೇಳುವ ಹಂಚಿಕೆ: 15 ವಾರ್ಮ್‌ಅಪ್, 30 ಕಿಹೋನ್ (ಮೂಲ ಪಟ್ಟುಗಳು), 25 ಕಟಾ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ), 20 ಕುಮಿಟೆ (ಜೋಡಿಯಾಗಿ ಕಾದಾಟದ ಅಭ್ಯಾಸ). ಕಿಹೋನ್‌ನಲ್ಲಿ ಮುಂದಿನ ಕಾಲಿನ ಮಂಡಿ ಒಳಕ್ಕೆ ವಾಲುವುದನ್ನು ಮೊದಲ ತಿಂಗಳಲ್ಲೇ ತಿದ್ದಿ, ಮಂಡಿ ಬೆರಳುಗಳ ದಿಕ್ಕಿಗೇ ಇರಬೇಕು. ಬಿಟ್ಟರೆ ಅಭ್ಯಾಸ ಹೆಚ್ಚಿದಂತೆ ಮಂಡಿನೋವು ಶುರುವಾಗುತ್ತದೆ.

ಹೊಸ ಕ್ಲಬ್ಬುಗಳು ಎಡವುವುದು ಹೆಚ್ಚಾಗಿ ಕುಮಿಟೆಯಲ್ಲಿ. ಉತ್ಸಾಹಕ್ಕೆ ಮೂರನೇ ವಾರವೇ ಫ್ರೀ ಸ್ಪಾರಿಂಗ್ (ದಾಳಿ ಮೊದಲೇ ಗೊತ್ತುಮಾಡದ ಮುಕ್ತ ಕಾದಾಟ) ಮಾಡಿಸುತ್ತಾರೆ. ಯಾರದೋ ತುಟಿ ಒಡೆಯುತ್ತದೆ, ಹೆಬ್ಬೆರಳು ಉಳುಕುತ್ತದೆ, ಮುಂದಿನ ವಾರ ಅರ್ಧ ಸಾಲು ಖಾಲಿ. ದೂರದ ಅಂದಾಜು ಇಲ್ಲದವರು ಏಟನ್ನು ತಡೆದು ನಿಲ್ಲಿಸಲಾರರು, ಕಾರಣ ಅಷ್ಟೇ. ಮೊದಲು ಗೋಹೋನ್ ಕುಮಿಟೆ: ದಾಳಿ ಮಾಡುವವರು ಗುರಿಯನ್ನು ಹೇಳಿಯೇ ಐದು ಹೆಜ್ಜೆ ಮುಂದೆ ಬರುತ್ತಾರೆ, ಎದುರಿನವರು ಹಿಂದೆ ಸರಿಯುತ್ತ ತಡೆದು ಕೊನೆಯ ಹೆಜ್ಜೆಗೆ ಮಾತ್ರ ತಿರುಗೇಟು ಕೊಡುತ್ತಾರೆ. ಆಮೇಲೆ ಒಂದೇ ದಾಳಿಯ ಇಪ್ಪೋನ್, ಅದನ್ನೇ ಮುಕ್ತವಾಗಿ ಚಲಿಸುತ್ತ ಮಾಡುವ ಜಿಯು ಇಪ್ಪೋನ್. ಆರು ತಿಂಗಳಿಗೆ ಮೊದಲು ಫ್ರೀ ಸ್ಪಾರಿಂಗ್ ಬೇಡವೇ ಬೇಡ.

ಮೌತ್‌ಗಾರ್ಡ್ ಪ್ರತಿಯೊಬ್ಬರದೂ ಸ್ವಂತದ್ದಾಗಿರಲಿ. ಗ್ಲೌಸ್, ಶಿನ್‌ಗಾರ್ಡ್ ಕ್ಲಬ್ಬಿನದು ಆರೆಂಟು ಜೊತೆ ಇದ್ದರೆ ಸರದಿಯಲ್ಲಿ ನಡೆಯುತ್ತದೆ. ಒದ್ದೆಯಾಗಿಯೇ ಚೀಲಕ್ಕೆ ತುರುಕಬೇಡಿ, ಚರ್ಮದ ಸೋಂಕು ಹರಡುತ್ತದೆ. ಮ್ಯಾಟ್ ಕೊಳ್ಳಲು ಅವಸರವಿಲ್ಲ. ಸ್ಪರ್ಧೆಯ ಅಂಕಣ 8 × 8 ಮೀಟರ್, ಸುತ್ತ ಸುರಕ್ಷತೆಗೆ 1 ಮೀಟರ್ ಸೇರಿದರೆ ಒಂದು ಮೀಟರಿನ ಚೌಕಗಳು 100 ಬೇಕು. ಅಲ್ಲಿಯವರೆಗೆ ಜಾರದ ಮರದ ನೆಲ ಸಾಕು. ಸಿಮೆಂಟ್ ನೆಲದ ಮೇಲೆ ಮಾತ್ರ ಜಿಗಿತ, ಕಾಲುಗುಡಿಸುವ ಪಟ್ಟು ಮಾಡಿಸಬೇಡಿ.

ಶುಲ್ಕವನ್ನು ದಿನಕ್ಕಿಷ್ಟು ಎನ್ನದೆ ಸೆಮಿಸ್ಟರಿಗೆ ಒಮ್ಮೆ ತೆಗೆದುಕೊಳ್ಳಿ, ಹಣ ಕೊಟ್ಟವರು ಬರುವುದನ್ನು ತಪ್ಪಿಸುವುದು ಕಡಿಮೆ. ಹೊಸ ಕಾರ್ಯದರ್ಶಿ, ಖಜಾಂಚಿಯನ್ನು ಅಂತಿಮ ಪರೀಕ್ಷೆಗೆ ಎರಡು ತಿಂಗಳು ಮೊದಲೇ ಆರಿಸಿ. ಹಾಲ್ ಬುಕಿಂಗ್, ಬ್ಯಾಂಕ್ ಸಹಿ, ಗ್ರೇಡಿಂಗ್ (ಬೆಲ್ಟ್ ಪರೀಕ್ಷೆ) ದಾಖಲೆ ಮೂರನ್ನೂ ಹಳಬರು ಪಕ್ಕದಲ್ಲಿರುವಾಗಲೇ ಅವರು ಒಮ್ಮೆ ಮಾಡಿ ನೋಡಲಿ.