ಸೋಲ್ಡರಿಂಗ್ ಐರನ್ ಎಷ್ಟು ಡಿಗ್ರಿಗೆ ಇಡಬೇಕು?

ಹಾಸನದಲ್ಲಿ ಡಿಪ್ಲೊಮಾ ಓದುತ್ತಾ ಹೊಸದಾಗಿ ಸೋಲ್ಡರಿಂಗ್ ಸ್ಟೇಷನ್ ತಗೊಂಡಿದ್ದೀರಿ, ಡಯಲ್ ಎಲ್ಲಿಗೆ ತಿರುಗಿಸಬೇಕು ಅಂತ ಕೇಳಿದ್ದೀರಿ. ಸಾಮಾನ್ಯ 60/40 ಸೋಲ್ಡರ್ (60 ಭಾಗ ತವರ, 40 ಭಾಗ ಸೀಸ) ಆದರೆ 320ರಿಂದ 350 ಡಿಗ್ರಿ ಸೆಲ್ಸಿಯಸ್. ಸೀಸ ಇಲ್ಲದ್ದಾದರೆ 350ರಿಂದ 380.

60/40 ಕರಗುವುದು 183ರಿಂದ 190 ಡಿಗ್ರಿಯ ನಡುವೆ. ಮತ್ತೆ ಇಷ್ಟೊಂದು ಯಾಕೆ? ಟಿಪ್ ತಾಗಿಸಿದ ಕೂಡಲೇ ಬೋರ್ಡಿನ ಮೇಲಿನ ತಾಮ್ರದ ಪ್ಯಾಡೂ ಬಿಡಿಭಾಗದ ಕಾಲೂ ಶಾಖ ಎಳೆದುಕೊಳ್ಳುತ್ತವೆ, ಅಲ್ವಾ? ಒಂದು ಸಣ್ಣ ಜಾಯಿಂಟ್ ಎರಡು-ಮೂರು ಸೆಕೆಂಡಿನಲ್ಲಿ ಮುಗಿದರೆ ಸೆಟ್ಟಿಂಗ್ ಸರಿ ಇದೆ. ಟಿಪ್ ಬೇಗ ಕಪ್ಪಾಗಿ ಸೋಲ್ಡರ್ ಹಿಡಿಯದಿದ್ದರೆ, ಸೋಲ್ಡರ್ ಹಿಡಿಯುವಂತೆ ಲೋಹವನ್ನು ಶುಚಿ ಮಾಡುವ ಫ್ಲಕ್ಸ್ ಚುರ್ರೆಂದು ಸುಟ್ಟುಹೋದರೆ, ಶಾಖ ಜಾಸ್ತಿ ಆಗಿದೆ. ಇನ್ನೂ ಏರಿಸಿದರೆ ಪ್ಯಾಡೇ ಬೋರ್ಡಿನಿಂದ ಎದ್ದು ಬರುತ್ತದೆ.

ಗ್ರೌಂಡ್ ಪಿನ್‌ನಲ್ಲಿ ಸೋಲ್ಡರ್ ಹರಡಲ್ಲ ಅಂತ ಸುಮ್ನೆ 450ಕ್ಕೆ ಏರಿಸಬೇಡಿ. ಅಲ್ಲಿ ದೊಡ್ಡ ತಾಮ್ರದ ಪದರ ಶಾಖ ನುಂಗುತ್ತಿರುತ್ತದೆ. ಸೂಜಿಮೊನೆಯ ಟಿಪ್ ತೆಗೆದು ಉಳಿಮೊನೆಯದು ಹಾಕಿ, ಸ್ವಲ್ಪ ಫ್ಲಕ್ಸ್ ಹಚ್ಚಿ.

ನಿಮ್ಮ ಸಕಲೇಶಪುರದ ಗೆಳೆಯರ ಹತ್ತಿರ ಇರುವುದು ಡಯಲ್ ಇಲ್ಲದ 25 ವ್ಯಾಟ್ ಐರನ್ ಅಂದಿರಿ. ಅದಕ್ಕೆ ವೋಲ್ಟೇಜೇ ಡಯಲ್. ತೋಟದ ಮನೆಯಲ್ಲಿ 230 ಇರಬೇಕಾದದ್ದು 190ಕ್ಕೆ ಇಳಿದರೆ ಸಿಗುವುದು ಸುಮಾರು 17 ವ್ಯಾಟ್ ಅಷ್ಟೇ. ಅಂಥ ಹೊತ್ತಲ್ಲಿ ಸಣ್ಣ ಕಾಲುಗಳನ್ನಷ್ಟೇ ಕೂರಿಸಿ, ದಪ್ಪ ವೈರ್‌ಗಳನ್ನು ವೋಲ್ಟೇಜ್ ಬಂದ ಮೇಲೆ ಮಾಡಲಿ.