ಜ್ವರ ಇಳಿದ ಮೇಲೂ ಇಂಜೆಕ್ಷನ್ ಏಕೆ?

ಪ್ರಶ್ನೆ: ತಂದೆಗೆ 62 ವರ್ಷ. ಕುತ್ತಿಗೆಗೆ ಹಾಕಿರುವ ಕ್ಯಾತಿಟರ್‌ನಿಂದ ವಾರಕ್ಕೆರಡು ಸಲ ಡಯಾಲಿಸಿಸ್. ಹೋದ ವಾರ ಮಷಿನ್ ಶುರುವಾದ ಅರ್ಧ ಗಂಟೆಗೆ ಗಡಗಡ ನಡುಗಿ ಜ್ವರ ಬಂತು. ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಎಂಆರ್‌ಎಸ್‌ಎ ಎಂದಿದೆ. ವ್ಯಾಂಕೊಮೈಸಿನ್ ಕೊಟ್ಟ ಮೂರನೇ ದಿನ ಜ್ವರ ಇಳಿಯಿತು. ಆದರೂ ಕ್ಯಾತಿಟರ್ ತೆಗೆಯಬೇಕು, ನಾಲ್ಕು ವಾರ ಇಂಜೆಕ್ಷನ್ ಆಗಬೇಕು ಅನ್ನುತ್ತಾರೆ. ಮಾತ್ರೆಯಲ್ಲಿ ಮುಗಿಸಬಾರದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ವೈದ್ಯರು ಹೇಳಿದ್ದೇ ಸರಿ. ಜ್ವರ ಇಳಿದ ಮಾತ್ರಕ್ಕೆ ರಕ್ತದಲ್ಲಿ ರೋಗಾಣು ಇಲ್ಲ ಎಂದಾಗುವುದಿಲ್ಲ.

ಎಂಆರ್‌ಎಸ್‌ಎ ಎಂದರೆ ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ತಳಿ. ಆರಿಯಸ್ ಬ್ಯಾಕ್ಟೀರಿಯ ಹತ್ತರಲ್ಲಿ ಸುಮಾರು ಮೂವರ ಮೂಗಿನಲ್ಲಿ ತಣ್ಣಗೆ ಕೂತಿರುತ್ತದೆ. ಚರ್ಮ ಗಟ್ಟಿಯಿರುವ ತನಕ ಕಾಟವಿಲ್ಲ. ಕ್ಯಾತಿಟರ್ ಹಾಕಿದರೆ ಚರ್ಮದಿಂದ ಹೃದಯದ ಹೊಸ್ತಿಲಿಗೇ ದಾರಿ ತೆರೆದಂತೆ. ಕೊಳವೆಯ ಒಳಮೈಗೆ ಅದು ಅಂಟಿಕೊಂಡು, ಕೆರೆ ಮೆಟ್ಟಿಲಿನ ಪಾಚಿಯಂತೆ ಲೋಳೆ ಕಟ್ಟುತ್ತದೆ. ಮಷಿನ್ ನಿಮಿಷಕ್ಕೆ 200–300 ಮಿ.ಲೀ. ರಕ್ತ ಓಡಿಸುವಾಗ ಆ ಲೋಳೆಯ ಚೂರುಗಳು ರಕ್ತಕ್ಕೆ ಇಳಿಯುತ್ತವೆ. ತಂದೆಯವರಿಗೆ ನಡುಕ ಸರಿಯಾಗಿ ಡಯಾಲಿಸಿಸ್ ಹೊತ್ತಿಗೇ ಬಂದದ್ದು ಬಹುಶಃ ಅದಕ್ಕೇ. ಲೋಳೆಯೊಳಗೆ ಔಷಧಿ ಸರಿಯಾಗಿ ನಾಟುವುದಿಲ್ಲ. ಕೊಳವೆ ಉಳಿಸಿಕೊಂಡರೆ ಇಂಜೆಕ್ಷನ್ ಮುಗಿದ ಮೇಲೆ ಜ್ವರ ಮತ್ತೆ ಹಾಜರು. ನಡುವಿನ ದಿನಗಳಿಗೆ ಬೇರೆ ಜಾಗದಲ್ಲಿ ತಾತ್ಕಾಲಿಕ ಕೊಳವೆ ಹಾಕುತ್ತಾರೆ. ಕಲ್ಚರ್ ನೆಗೆಟಿವ್ ಬಂದ ಮೇಲೆ ಕಾಯಂ ಕೊಳವೆ. ಕೈಯ ರಕ್ತನಾಳಗಳನ್ನು ಜೋಡಿಸಿ ಡಯಾಲಿಸಿಸ್‌ಗೆ ದಾರಿ ಮಾಡುವ ಫಿಸ್ಟುಲಾ ಮಾಡಿಸಲು ಆಗುತ್ತದೆಯೇ ಎಂದು ಈಗಲೇ ಕೇಳಿ.

ಪೆನ್ಸಿಲಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯದ ಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿ ಕೆಲಸ ಕೆಡಿಸುತ್ತವೆ. ಎಂಆರ್‌ಎಸ್‌ಎ ಬಳಿ ಮೆಕ್-ಎ ಎಂಬ ಜೀನ್ ಇದೆ. ಅದು ಔಷಧಿ ಅಂಟದ ಬೇರೊಂದು ಪ್ರೋಟೀನ್ ತಯಾರಿಸುತ್ತದೆ. ಹಾಗಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫಾಜೊಲಿನ್, ಸೆಫ್ಟ್ರಿಯಾಕ್ಸೋನ್ ಎಲ್ಲವೂ ಒಟ್ಟಿಗೇ ಸೋಲುತ್ತವೆ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ, ಅದಕ್ಕೆ ಬಗ್ಗದ ತಳಿ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ. ಆ ಔಷಧಿ ಈಗ ಬಳಕೆಯಲ್ಲೇ ಇಲ್ಲ, ಹೆಸರು ಮಾತ್ರ ಉಳಿದಿದೆ. ಲ್ಯಾಬಿನವರು ಅದರ ಬದಲು, ಬ್ಯಾಕ್ಟೀರಿಯ ಹರಡಿದ ತಟ್ಟೆಯಲ್ಲಿ 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಬಿಲ್ಲೆ ಇಟ್ಟು, ಸುತ್ತ ಬ್ಯಾಕ್ಟೀರಿಯ ಬೆಳೆಯದ ವೃತ್ತವನ್ನು ಅಳೆಯುತ್ತಾರೆ. 21 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಂಆರ್‌ಎಸ್‌ಎ.

ಇನ್ನು ದಿನದ ಲೆಕ್ಕ. ಮೊದಲ ಇಂಜೆಕ್ಷನ್ನಿನಿಂದ ಎಣಿಸಬೇಡಿ. ಕಲ್ಚರ್ ಮೊದಲ ಸಲ ನೆಗೆಟಿವ್ ಬಂದ ದಿನದಿಂದ ಎಣಿಸಬೇಕು. ಅದಕ್ಕಾಗಿ 24–48 ಗಂಟೆಗೊಮ್ಮೆ ಮತ್ತೆ ಕಲ್ಚರ್ ಕಳಿಸುತ್ತಾರೆ. ಒಂದೊಂದು ಬಾಟಲಿಗೆ 8–10 ಮಿ.ಲೀ. ರಕ್ತ ಬೇಕು, ಎರಡು ಮಿ.ಲೀ. ಹಾಕಿ ಕಳಿಸಿದರೆ ರೋಗಾಣು ಇದ್ದೂ ಸಿಗದೆ ಹೋಗಬಹುದು. ಹೃದಯದ ಕವಾಟಕ್ಕೆ ಅಂಟಿದೆಯೇ ನೋಡಲು ಎಕೋ ಆಗಲೇಬೇಕು. ಹೊಸದಾಗಿ ಬೆನ್ನುನೋವು ಬಂದರೆ ಮಲಗಿದ್ದರಿಂದ ಬಂತೆಂದು ಸುಮ್ಮನಿರಬೇಡಿ, ಬೆನ್ನುಮೂಳೆಗೆ ಸೋಂಕು ಇಳಿದಿರಬಹುದು, ಎಂಆರ್‌ಐ ಬೇಕಾಗುತ್ತದೆ.

ವ್ಯಾಂಕೊಮೈಸಿನ್ ನುಂಗಿದರೆ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ. ಹಾಗೆಂದು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಬೇಕಿಲ್ಲ. ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ಆಯಾ ಸರದಿಯ ಕೊನೆಗೆ ಅಲ್ಲೇ ಕೊಡಬಹುದು, ರಕ್ತದಲ್ಲಿನ ಮಟ್ಟ ನೋಡಿ ಡೋಸ್ ತೀರ್ಮಾನಿಸುತ್ತಾರೆ. ಒಂದು ಗ್ರಾಂ ಇಳಿಯಲು ಕನಿಷ್ಠ ಒಂದು ಗಂಟೆ ಬೇಕು. ಡ್ರಿಪ್ ಜೋರಾದರೆ ಮುಖ, ಕುತ್ತಿಗೆ ಕೆಂಪಾಗಿ ಕೆರೆತ ಬರುತ್ತದೆ. ಅಷ್ಟೇ ಆದರೆ ಬಹುಪಾಲು ಅದು ಅಲರ್ಜಿಯಲ್ಲ, ವೇಗ ಇಳಿಸಿದರೆ ಸಾಕು. ಉಸಿರು ಕಟ್ಟಿದರೆ, ಬಿಪಿ ಬಿದ್ದರೆ ಮಾತ್ರ ತಕ್ಷಣ ನಿಲ್ಲಿಸಬೇಕು.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ‘ಕೊಎಗ್ಯುಲೇಸ್ ನೆಗೆಟಿವ್ ಸ್ಟ್ಯಾಫ್, ನಾಲ್ಕರಲ್ಲಿ ಒಂದು ಬಾಟಲಿ’ ಎಂದಿದೆ. ಇದೂ ಅಪಾಯವೇ?
– ಓದುಗರು, ಮಂಗಳೂರು

ಉತ್ತರ: ಇವು ಆರಿಯಸ್‌ನ ನೆಂಟ ಬ್ಯಾಕ್ಟೀರಿಯಗಳು, ಎಲ್ಲರ ಚರ್ಮದಲ್ಲೂ ಇರುತ್ತವೆ. ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿ ಬೆಳೆದರೆ, ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿದ್ದೇ ಹೆಚ್ಚು. ಕೃತಕ ಕವಾಟ, ಪೇಸ್‌ಮೇಕರ್ ಅಥವಾ ಕ್ಯಾತಿಟರ್ ಇದ್ದು, ಬೇರೆ ಬೇರೆ ಕಡೆ ತೆಗೆದ ಎರಡೂ ಮಾದರಿಗಳಲ್ಲಿ ಬೆಳೆದರೆ ಮಾತು ಬೇರೆ. ಇವುಗಳಲ್ಲೇ ಒಂದಾದ ಲುಗ್ಡುನೆನ್ಸಿಸ್ ಎಂದು ಹೆಸರು ಬಂದಿದ್ದರೆ ಒಂದೇ ಬಾಟಲಿಯಾದರೂ ವೈದ್ಯರಿಗೆ ತೋರಿಸಿ. ಅದು ಆರಿಯಸ್‌ನಷ್ಟೇ ಒರಟು.